ಬೆಂಕಿಕಡ್ಡಿಯ ಸಾಕ್ಷಿ

ಜನವರಿ ೧೯, ಭಾನುವಾರ

ಪ್ರೀತಿಯ ಅಕ್ಕ,

ನಿನ್ನ ಪತ್ರಕ್ಕೆ ಉತ್ತರ ಬರೆಯುವುದು ತೀರಾ ತಡವಾಯಿತು, ಬೈಯಬೇಡ. ಬೈಯುವುದಾದರೂ ಪತ್ರದಲ್ಲೇ ಬೈ. ಫೋನಿನಲ್ಲಾದರೆ ನನಗೆ ಬಾಯಿ ಮಾತ್ರ, ನಿನಗೆ ಕಿವಿ ಮಾತ್ರ. ಪತ್ರದಲ್ಲಾದರೆ ಇಬ್ಬರಿಗೂ ಸರದಿ ಸಿಗುತ್ತದೆ ಎಂದು ಈ ಕಾನೂನು ಮಾಡಿದವಳು ನೀನೇ. ನೀನು, ಭಾವ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯಹೊರಟು ಪೆನ್ನು ನಿಂತಿತು. ನೀನು ಕ್ಷೇಮವಾಗಿಲ್ಲ ಎಂದೇ ಅಲ್ಲವೇ ನೀನು ಬರೆದದ್ದು.

ಮೊದಲು ನನ್ನ ಸುದ್ದಿ ಹೇಳಿ ಮುಗಿಸುತ್ತೇನೆ. ನಮ್ಮ ಲಾಂಡ್ರಿಯ ಇಸ್ತ್ರಿ ಹಾಲಿನ ಕಿಟಕಿಗಳು ಕೊನೆಗೂ ತೆರೆದವು. ಆಸ್ಪತ್ರೆಯ ಹಾಸಿಗೆ ಬಟ್ಟೆ, ಹೋಟೆಲಿನ ಮೇಜಿನ ಬಟ್ಟೆ, ನರ್ಸುಗಳ ಸಮವಸ್ತ್ರ, ಎಲ್ಲವೂ ಅಲ್ಲೇ ಹೊಗೆಯಂತೆ ಆವಿ ಕಾರುತ್ತವೆ. ಆದರೂ ಹೊರಗಿನ ಧೂಳು ಬಿಳಿ ಬಟ್ಟೆಯ ಮೇಲೆ ಕೂರುತ್ತದೆ ಎಂದು ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ನನಗೆ ಅಲ್ಲಿ ನಿಂತರೆ ಬೆಂದುಹೋದಂತೆ ಆಗುತ್ತಿತ್ತು. ಊಟದ ಬಿಡುವಿನಲ್ಲಿ ಸ್ಟೂಲಿನ ಮೇಲೆ ಹತ್ತಿ ಮಾತಾಡಿದೆ, ಸಹಿ ಮಾಡಿಸಿದೆ, ಕಾರ್ಮಿಕ ಸಂಘದ ಕಚೇರಿಗೆ ಓಡಾಡಿದೆ. ಮೇಲ್ವಿಚಾರಕ, "ಈ ಚಳಿಯಲ್ಲಿ ಯಾರಮ್ಮಾ ಕಿಟಕಿ ಕೇಳ್ತಾರೆ?" ಅಂದ. "ಉಸಿರಾಡೋರು ಕೇಳ್ತಾರೆ" ಅಂದೆ. ಮೊಳೆ ಕಿತ್ತರು. ಈಗ ಹೆಂಗಸರೆಲ್ಲ ಸ್ವೆಟರ್ ಹಾಕಿಕೊಂಡು ಇಸ್ತ್ರಿ ಮಾಡುತ್ತಿದ್ದಾರೆ. ಬಟ್ಟೆಗೆ ಗಂಜಿ ಹಾಕುವ ಹಿರಿಯಳು, ಎಲ್ಲರೂ ಗಂಜಿಯಮ್ಮ ಎನ್ನುವವಳು, ನಿನ್ನೆ ಬಂದು, "ತಾಯೀ, ಕ್ರಾಂತಿ ಆಯ್ತಲ್ಲ, ಇನ್ನು ಸ್ವಲ್ಪ ಮುಚ್ಚು. ನನ್ನ ಮೊಣಕಾಲು ಮರಗಟ್ಟಿದೆ" ಅಂದಳು. ಸ್ವಾತಂತ್ರ್ಯಕ್ಕೆ ಬೆಲೆ ತೆರಬೇಕಾಗುತ್ತದೆ ಎಂದು ನಾನು ಶುರು ಮಾಡಿದೆ. ಅವಳು ಶಾಲನ್ನು ತಲೆಯ ಮೇಲೆ ಎಳೆದುಕೊಂಡಳು.

ಈಗ ನಿನ್ನ ವಿಷಯ. ನಿನ್ನ ಪತ್ರವನ್ನು ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡೇ ತಿರುಗಿದ್ದೇನೆ. ಆವಿಗೆ ಶಾಯಿ ಹರಡಿದೆ. ಆದರೂ ಒಂದು ಸಾಲು ಹರಡಲಿಲ್ಲ. ಕತ್ತಿನ ಥೈರಾಯಿಡ್ ಗ್ರಂಥಿ ನಿಧಾನವಾಗಿದೆ, ನಿನ್ನ ಮೈಯೇ ಅದನ್ನು ಹೊರಗಿನದೆಂದು ತಿಳಿದು ಹೊಡೆಯುತ್ತಿದೆ ಎಂದು ರಕ್ತಪರೀಕ್ಷೆಯಲ್ಲಿ ಗೊತ್ತಾಯಿತು ಎಂದು ಬರೆದಿದ್ದೀಯ. ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಡಾಕ್ಟರು ಕೇಳಿದಾಗ ನಿನಗೆ ಅಜ್ಜಿ ನೆನಪಾದಳಂತೆ. ಆಮೇಲೆ ಆ ಸಾಲು: "ಅಜ್ಜಿಯಿಂದ ನನಗೆ ಬಂತು, ನನ್ನಿಂದ ಇನ್ನೊಂದು ಜೀವಕ್ಕೆ ಹೋಗೋದು ಬೇಡ. ಮಗು ಬೇಡ ಅಂತ ನಿನ್ನ ಭಾವನಿಗೆ ಹೇಳಿಬಿಟ್ಟಿದ್ದೀನಿ." ಹುಟ್ಟುವ ಮಗುವಿಗೆಂದು ಭಾವ ತಾವು ಕೆಲಸ ಮಾಡುವ ಬಸ್ ಡಿಪೋದಲ್ಲಿ ಉಳಿದ ತಗಡಿನಿಂದ ಮಾಡಿಟ್ಟಿದ್ದ ಪುಟ್ಟ ಬಸ್ಸನ್ನು ಅಲಮಾರಿನ ಮೇಲೆ, ಕೈಗೆ ಸಿಗದ ಹಾಗೆ ಹಿಂದಕ್ಕೆ ತಳ್ಳಿದ್ದೀಯಂತೆ.

ಅಕ್ಕ, ನೀನು ಬಸ್ಸನ್ನಲ್ಲ, ನನ್ನನ್ನೇ ಹಿಂದಕ್ಕೆ ತಳ್ಳಿದ ಹಾಗಾಯಿತು. ಆ ಬಸ್ಸಿನಲ್ಲಿ ಕೂರುವವರಿಗೆ ಚಿಕ್ಕಮ್ಮ ನಾನೇ ತಾನೆ?

ರಕ್ತ, ವಂಶ, ಹಣೆಬರಹ ಇವೆಲ್ಲ ಜನರ ಬಾಯಿ ಮುಚ್ಚಿಸಲು ಮಾಡಿದ ಮಾತುಗಳು. ನಾನು ಓದಿದ ಕಿರುಹೊತ್ತಿಗೆಗಳಲ್ಲಿ ಇದನ್ನು ಬಿಡಿಸಿ ಬಿಡಿಸಿ ಹೇಳಿದ್ದಾರೆ. ಕಾಯಿಲೆ ಬರುವುದು ದುಡಿಮೆಯಿಂದ, ನಿದ್ದೆಗೇಡಿನಿಂದ, ಕೆಟ್ಟ ಗಾಳಿಯಿಂದ. ಬಸ್ ನಿಲ್ದಾಣದ ಟಿಕೆಟ್ ಕಿಂಡಿಯ ಹಿಂದೆ ವರ್ಷಗಟ್ಟಲೆ ಕೂತು, ಹೊಗೆ ಕುಡಿದು, "ಬೇಗ ಬೇಗ" ಎಂದು ಬೈಸಿಕೊಂಡವಳಿಗೆ ಕಾಯಿಲೆ ಬಂದರೆ ಅದಕ್ಕೆ ಸತ್ತುಹೋದ ಅಜ್ಜಿಯನ್ನು ಏಕೆ ಎಳೆಯುತ್ತೀ? ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುತ್ತಾರೆ. ಅದು ಸೀರೆ ಮಾರುವವನು ಹುಟ್ಟಿಸಿದ ಗಾದೆ ಇರಬೇಕು.

ನಮ್ಮ ಮನೆಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆದವರಿಲ್ಲ. ಅಮ್ಮ ಎಲ್ಲರಿಗೂ ಒಂದೊಂದು ಅಡ್ಡಹೆಸರು ಅಂಟಿಸಿದಳು. ಬೇಸಿಗೆಯಲ್ಲೂ ಕಂಬಳಿ ಹೊದ್ದು ಒಲೆಯ ಪಕ್ಕ ತೂಕಡಿಸುತ್ತಿದ್ದ ಅಜ್ಜಿ ಚಳಿಯಜ್ಜಿ. ಶಾಲೆಗೆ ಹೊರಟವಳು ಒಂದು ಕಾಲಿನ ಚಪ್ಪಲಿ ಹಾಕಿ, ಇನ್ನೊಂದು ಹಾಕುವ ಮೊದಲು ಕಿಟಕಿಯಾಚೆ ನೋಡುತ್ತ ನಿಲ್ಲುತ್ತಿದ್ದ ನೀನು ಆಮೆ. ಮುಟ್ಟಿದರೆ ಹೊತ್ತಿಕೊಳ್ಳುವ ನಾನು ಬೆಂಕಿಕಡ್ಡಿ. ಇವು ನಮ್ಮ ಸ್ವಭಾವ, ಕಾಯಿಲೆಯಲ್ಲ. ರಕ್ತವೇ ಕಾರಣವಾಗಿದ್ದರೆ ನನಗೇಕೆ ಬರಲಿಲ್ಲ ಹೇಳು. ಅದೇ ಅಜ್ಜಿ, ಅದೇ ಅಮ್ಮ, ಅದೇ ಹೊಟ್ಟೆ. ನಾನು ಕುದುರೆಯ ಹಾಗೆ ಇದ್ದೇನೆ. ಎರಡಾಳಿನ ಊಟ ಮಾಡುತ್ತೇನೆ, ಮೈಗೆ ಮಾತ್ರ ಹತ್ತುವುದಿಲ್ಲ. ಬೆಲ್ಟಿಗೆ ಹೊಸ ತೂತು ಕೊರೆಸಿದೆ. ನಿನಗೆ ಸಾಕ್ಷಿ ಬೇಕಾದರೆ ನಾನೇ ಸಾಕ್ಷಿ.

ಮಾತ್ರೆ ಮಾತ್ರ ತಪ್ಪದೆ ನುಂಗು. ನಿನ್ನ ಡಾಕ್ಟರ ಮೇಲೆ ನನಗೆ ಸಿಟ್ಟಿದ್ದರೂ ಅವರ ಮಾತ್ರೆಯ ಮೇಲೆ ಇಲ್ಲ. ಅಮ್ಮ ಚೆನ್ನಾಗಿದ್ದಾಳೆ. ಭಾವನಿಗೆ ನಮಸ್ಕಾರ.

ನಿನ್ನ
ಬೆಂಕಿಕಡ್ಡಿ

ಮರೆತೆ: ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನಗಬೇಡ. ಇಡೀ ದಿನ ಪ್ರೆಸ್ ಯಂತ್ರ ಹಿಡಿದ ಕೈ, ಮನೆಗೆ ಬಂದ ಮೇಲೂ ಅದುರುತ್ತಿರುತ್ತದೆ.


ಫೆಬ್ರವರಿ ೧೬, ಭಾನುವಾರ

ಪ್ರೀತಿಯ ಅಕ್ಕ,

ಸರಿಯಾಗಿಯೇ ಬೈದಿದ್ದೀಯ. "ನೀನು ಬರೆದಿದ್ದು ಭಾಷಣ, ಪತ್ರ ಅಲ್ಲ. ನನ್ನ ಕಾಯಿಲೆ ನಿನ್ನ ಸಂಘದ ಗೋಡೆಬರಹ ಅಲ್ಲ. ನಿಜ ಏನು ಅಂತ ತಿಳ್ಕೊಂಡು ಬರಿ" ಎಂದಿದ್ದೀಯ. ಓದಿದ ಕೂಡಲೇ ಸಿಟ್ಟು ಬಂತು, ಟೀ ಲೋಟವನ್ನು ಕುಕ್ಕಿದೆ. ಅಮ್ಮ ಒಳಗಿನಿಂದ, "ಗೀರಿತು ಕಡ್ಡಿ" ಅಂದಳು. ಸ್ವಲ್ಪ ಹೊತ್ತಾದ ಮೇಲೆ ನೀನು ಹೇಳಿದ್ದೇ ಸರಿ ಅನ್ನಿಸಿತು. ನಿನ್ನ ಮಾತು ಯಾವಾಗಲೂ ಹಾಗೆಯೇ, ಆಮೆ ನಡೆದು ಬಂದ ಹಾಗೆ ತಡವಾಗಿ ಬಂದು ತಲುಪುತ್ತದೆ.

ಸಂಘದ ವಾಚನಾಲಯದಲ್ಲಿ ಆರೋಗ್ಯದ ಕರಪತ್ರಗಳ ಒಂದು ಕಟ್ಟು ಇದೆ. ಅದರಲ್ಲಿ ಥೈರಾಯಿಡಿನದೂ ಸಿಕ್ಕಿತು. ಓದಿದೆ, ಪೂರ್ತಿ ತಲೆಗೆ ಹೋಗಲಿಲ್ಲ. ಅದನ್ನು ಹಿಡಿದುಕೊಂಡು, ನಾವು ಬಟ್ಟೆ ಒಗೆದುಕೊಡುವ ಆಸ್ಪತ್ರೆಯ ಡಾಕ್ಟರಮ್ಮನ ಕೋಣೆಯ ಮುಂದೆ ಕೂತೆ. ಅವರ ಬಿಳಿ ಕೋಟಿಗೆ ಇಸ್ತ್ರಿ ಮಾಡುವವಳು ನಾನೇ, ನನಗಷ್ಟು ಹಕ್ಕಿದೆ ಎಂದುಕೊಂಡೆ. ರೋಗಿಗಳೆಲ್ಲ ಹೋದ ಮೇಲೆ ಕರೆದರು. ನಾನು ಕೂರುವ ಮೊದಲೇ ಕೇಳಿದೆ, "ಇಲ್ಲಿ ಜೀನಿನಲ್ಲಿ ತಪ್ಪು ಅಂತ ಅಚ್ಚು ಹಾಕಿದ್ದೀರಿ. ನಮ್ಮ ಅಜ್ಜಿ ಏನು ತಪ್ಪು ಮಾಡಿದ್ಲು?"

ಅವರು ಕನ್ನಡಕ ತೆಗೆದು ಕರಪತ್ರ ನೋಡಿದರು. "ನಾನು ಬರೆದಿದ್ದಲ್ಲಮ್ಮ. ಆದ್ರೆ ನೀನು ಹೇಳೋದು ಸರಿ. ತಪ್ಪು ಅಲ್ಲ, ವ್ಯತ್ಯಾಸ ಅನ್ನಬೇಕಿತ್ತು" ಅಂದರು. ಪೆನ್ನು ತೆಗೆದು ಅಲ್ಲೇ ತಿದ್ದಿಕೊಟ್ಟರು. ಆಮೇಲೆ ನನಗೆ ಅವರ ಮೇಲೆ ಸಿಟ್ಟಾಗಲು ಕಾರಣವೇ ಸಿಗಲಿಲ್ಲ.

ಅಕ್ಕ, ನಾನು ಬರೆದದ್ದು ಅರ್ಧ ಸುಳ್ಳು. ರಕ್ತಕ್ಕೂ ಇದರಲ್ಲಿ ಪಾಲಿದೆ. ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಜೀನ್ ಎಂದರೆ ಮೈ ಕಟ್ಟುವ ಪಾಠ. ಅಮ್ಮನಿಂದ ಒಂದು ಪ್ರತಿ, ಅಪ್ಪನಿಂದ ಒಂದು ಪ್ರತಿ. ಎಲ್ಲರ ಪಾಠವೂ ಹೆಚ್ಚುಕಡಿಮೆ ಒಂದೇ, ಅಲ್ಲೊಂದು ಇಲ್ಲೊಂದು ಅಕ್ಷರ ಬೇರೆ. ಹಾಗೆ ಬೇರೆಯಾಗಿರುವುದರಲ್ಲಿ ಕೆಲವು ನಮ್ಮ ಮೈಯ ಕಾವಲಿಗೆ ಸೇರಿದವು. ಒಂದು ಜೀನ್ ಕಾವಲುಗಾರನಿಗೆ ಇವರು ನಮ್ಮವರು, ಅವರು ಹೊರಗಿನವರು ಎಂದು ಗುರುತು ತೋರಿಸುತ್ತದೆ. ಇನ್ನೊಂದು, ಹೊಡೆದದ್ದು ಸಾಕು, ಕೋಲು ಕೆಳಗಿಡು ಎಂದು ತಡೆಯುತ್ತದೆ. ಇನ್ನು ಕೆಲವು ಥೈರಾಯಿಡಿಗೇ ಸೇರಿದವು. ಇಂಥ ಕಡೆಗಳಲ್ಲಿ ಅಕ್ಷರ ಬೇರೆಯಾಗಿದ್ದರೆ, ಕಾವಲುಗಾರ ಮನೆಯವರ ಮೇಲೆಯೇ ಕೋಲೆತ್ತುವ ಸಂಭವ ಸ್ವಲ್ಪ ಹೆಚ್ಚು. ಆದರೆ ಒಂದೊಂದು ಅಕ್ಷರವೂ ತಳ್ಳುವುದು ಕಿರುಬೆರಳಿನಷ್ಟೇ. ಅಂಥ ಎಷ್ಟೋ ಕಿರುಬೆರಳುಗಳು ಸೇರಬೇಕು, ಅದರ ಮೇಲೆ ಬದುಕೂ ತಳ್ಳಬೇಕು: ಬೀಡಿ ಸಿಗರೇಟು, ಯಾವುದೋ ಸೋಂಕು, ಅಯೋಡಿನ್ ಹೆಚ್ಚಾಗುವುದು, ಹೆರಿಗೆಯ ನಂತರದ ದಿನಗಳು, ದೊಡ್ಡ ದುಃಖ. ಹೆಂಗಸರಿಗೇ ಏಕೆ ಹೆಚ್ಚು ಬರುತ್ತದೆ ಎಂದು ಕೇಳಿದ್ದಕ್ಕೆ, "ಅದು ನಮಗೂ ಪೂರ್ತಿ ಗೊತ್ತಿಲ್ಲ" ಅಂದರು. ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಾನು ನೋಡಿದ್ದು ಇದೇ ಮೊದಲು.

"ಹಾಗಾದ್ರೆ ಇದು ಹಣೆಬರಹನಾ?" ಎಂದು ಕೇಳಿದೆ.

"ಹವಾಮಾನ ವರದಿ ಅನ್ನು. ಮೋಡ ಇದೆ ಅಂದ್ರೆ ಕೊಡೆ ಇಟ್ಕೊಳ್ಳಿ ಅಂತ ಅರ್ಥ, ಮನೆ ಬಿಟ್ಟು ಹೊರಡಲೇಬೇಡಿ ಅಂತಲ್ಲ. ಒಂದೇ ತರದ ಅವಳಿಗಳಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದೇ ಇರೋದು ಎಷ್ಟೋ ಸಲ ಇದೆ. ಪಾಠ ಅದೇ, ಬದುಕು ಬೇರೆ."

ಮಗುವಿನ ವಿಷಯ ಕೇಳಿದೆ. ನಿನ್ನ ಹೆಸರು ಹೇಳಲಿಲ್ಲ, ನಮ್ಮಕ್ಕ ಅಂದೆ. ಮೊದಲು ಮಾತ್ರೆಯ ಪ್ರಮಾಣ ಸರಿಹೋಗಬೇಕು. ಗರ್ಭ ನಿಂತ ಕೂಡಲೇ ಮತ್ತೆ ರಕ್ತಪರೀಕ್ಷೆ ಮಾಡಿಸಿ ಪ್ರಮಾಣ ನೋಡಿಕೊಳ್ಳಬೇಕು. ಆಗ ತಾಯಿ ಮಗು ಇಬ್ಬರೂ ಚೆನ್ನಾಗಿರುತ್ತಾರೆ. ಮುಂದೆ ಮಗುವಿಗೆ ಆ ಅಕ್ಷರ ಬಂದರೂ ಬರಬಹುದು, ಕಾಯಿಲೆ ಬರಲೇಬೇಕೆಂದಿಲ್ಲ; ಬಂದರೆ ಬೇಗ ಗೊತ್ತುಮಾಡಿಕೊಳ್ಳುವ ಮನೆಯಲ್ಲಿ ಹುಟ್ಟಿರುತ್ತದೆ. "ನಿಮ್ಮಜ್ಜಿಗೆ ಆ ಭಾಗ್ಯ ಇರಲಿಲ್ಲ" ಅಂದರು. ಅಜ್ಜಿಗೆ ಒಂದು ಮಾತ್ರೆ ಸಿಕ್ಕಿದ್ದರೆ ಕಂಬಳಿ ಬಿಟ್ಟು ಎದ್ದು ಬರುತ್ತಿದ್ದಳೇನೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ನಾವು ಅವಳನ್ನು ಕಂಬಳಿಹುಳ ಎಂದು ನಗುತ್ತಿದ್ದೆವಲ್ಲ.

ಹೀಗಾಗಿ ವಾದ ಬದಲಾಯಿಸಿದ್ದೇನೆ, ತೀರ್ಪು ಬದಲಾಯಿಸಿಲ್ಲ. ರಕ್ತದಲ್ಲಿ ಇದ್ದರೂ ಬರಲೇಬೇಕೆಂದಿಲ್ಲ. ಅದಕ್ಕೆ ಬೇರೆ ಸಾಕ್ಷಿ ಏಕೆ, ನಾನಿಲ್ಲವೇ? ಈ ಚಳಿಯಲ್ಲಿ ಒಂದು ತೆಳು ಅಂಗಿಯಲ್ಲಿ ಓಡಾಡುತ್ತೇನೆ. ಮೆಟ್ಟಿಲು ಹತ್ತಿದರೆ ಎದೆ ತಮಟೆ ಬಾರಿಸುತ್ತದೆ, ಆದರೆ ಅದು ಉತ್ಸಾಹ.

ಭಾವ ಮೊನ್ನೆ ಅಮ್ಮನ ಹತ್ತಿರ ಫೋನಿನಲ್ಲಿ, "ಮಾತ್ರೆ ಶುರುವಾದ್ಮೇಲೆ ನಿಮ್ಮ ಆಮೆ ನಡೆಯೋ ವೇಗಕ್ಕೆ ನಾನೇ ಹಿಂದೆ ಬೀಳ್ತೀನಿ ಅತ್ತೆ. ಮೊದಲು ರಸ್ತೆಯ ತಿರುವು ತಿರುವಿನಲ್ಲಿ ನಿಂತು ಕಾಯ್ತಿದ್ದೆ, ಈಗ ನನಗಾಗಿ ಕಾಯ್ತಾಳೆ" ಎಂದರಂತೆ. ಅಮ್ಮ ನಕ್ಕಳು. ನನಗೂ ಖುಷಿಯಾಯಿತು. ಏನೋ ಒಂದು ಕಳೆದುಕೊಂಡ ಹಾಗೂ ಆಯಿತು, ಏಕೆಂದು ಗೊತ್ತಾಗಲಿಲ್ಲ.

ಡಾಕ್ಟರಮ್ಮನನ್ನು ಬಿಡಲಿಲ್ಲ. ಮುಂದಿನ ತಿಂಗಳು ನಮ್ಮ ಲಾಂಡ್ರಿಗೇ ಬಂದು ಹೆಂಗಸರಿಗೆ ಇದೆಲ್ಲ ಹೇಳಲು ಒಪ್ಪಿಸಿದ್ದೇನೆ. ನಾನೇ ಸ್ವಾಗತ ಭಾಷಣ ಮಾಡುವವಳು. ನೀನು ಇದ್ದಿದ್ದರೆ ಕಣ್ಣು ತಿರುಗಿಸುತ್ತಿದ್ದೆ.

ಬಸ್ಸನ್ನು ಕೆಳಗಿಳಿಸು ಅಕ್ಕ. ಧೂಳು ಹಿಡಿಯುತ್ತದೆ.

ನಿನ್ನ
ಬೆಂಕಿಕಡ್ಡಿ


ಏಪ್ರಿಲ್ ೬, ಭಾನುವಾರ

ನನ್ನ ಅಕ್ಕ,

ಈ ಸಲ ತಡವಾದದ್ದಕ್ಕೆ ಕಿಟಕಿ, ಸಂಘ, ಭಾಷಣ ಯಾವುದನ್ನೂ ನೆಪ ಹೇಳುವುದಿಲ್ಲ. ಬರೆಯಲು ಧೈರ್ಯ ಬರಲಿಲ್ಲ, ಅಷ್ಟೇ.

ನಿನ್ನ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. "ಬಸ್ಸನ್ನು ಕೆಳಗಿಳಿಸಿ ಒರೆಸಿದ್ದೀನಿ. ಅಕ್ಷರ, ಕಾವಲುಗಾರ, ಹವಾಮಾನ ಎಲ್ಲ ಪೂರ್ತಿ ಅರ್ಥ ಆಗ್ಲಿಲ್ಲ. ಅರ್ಥ ಆಗಿದ್ದು ನೀನೊಬ್ಬಳೇ. ಅದೇ ಹೊಟ್ಟೆಯಲ್ಲಿ ಹುಟ್ಟಿ ನೀನು ಚೆನ್ನಾಗಿದ್ದೀಯಲ್ಲ, ನನಗಷ್ಟು ಸಾಕು. ನಾವಿಬ್ಬರೂ ಮನಸ್ಸು ಬದಲಾಯಿಸಿದ್ದೀವಿ." ಅಮ್ಮ ಕಣ್ಣೊರೆಸಿಕೊಂಡಳು. ನಾನು ಓದಿದ ಕಾಗದವನ್ನು ಮಡಚಲು ಹೋದೆ. ಮಡಿಕೆ ಸರಿಯಾಗಿ ಕೂರಲಿಲ್ಲ. ಆ ಪತ್ರ ಬಂದದ್ದು ಡಾಕ್ಟರಮ್ಮ ನಮ್ಮ ಲಾಂಡ್ರಿಗೆ ಬಂದುಹೋದ ಮರುದಿನ.

ಅದನ್ನೇ ಹೇಳಬೇಕು.

ಇಸ್ತ್ರಿ ಹಾಲಿನಲ್ಲಿ ಯಂತ್ರ ನಿಲ್ಲಿಸಿ, ಬಟ್ಟೆಯ ಬುಟ್ಟಿಗಳನ್ನು ಬೋರಲು ಹಾಕಿ ಎಲ್ಲರೂ ಕೂತಿದ್ದೆವು. ಡಾಕ್ಟರಮ್ಮ ಚೆನ್ನಾಗಿ ಹೇಳಿದರು. ಕಾವಲುಗಾರನ ಕತೆ ಬಂದಾಗ ಗಂಜಿಯಮ್ಮ, "ಅಂದ್ರೆ ಬೇಲಿನೇ ಎದ್ದು ಹೊಲ ಮೇಯ್ದಂಗೆ" ಅಂದಳು. "ಅದೇ ಅಮ್ಮ, ಅದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರಲ್ಲ" ಎಂದು ಡಾಕ್ಟರಮ್ಮ ನಕ್ಕರು. ಒಬ್ಬಳು, "ನಮ್ಮಮ್ಮನಿಗೆ ಇತ್ತು, ನನಗೂ ಬರತ್ತಲ್ಲ?" ಎಂದು ಅಳುಮುಖ ಮಾಡಿ ಕೇಳಿದಳು. ನನಗೆ ತಡೆಯಲಾಗಲಿಲ್ಲ. ಸ್ಟೂಲಿನ ಮೇಲೆ ಹತ್ತಿದೆ. ಕರಪತ್ರ ಕೈಯಲ್ಲಿ ಎತ್ತಿ ಹಿಡಿದು, "ನನ್ನ ಅಜ್ಜಿಗಿತ್ತು. ನನ್ನ ಅಕ್ಕನಿಗಿದೆ. ನನ್ನನ್ನ ನೋಡಿ. ರಕ್ತ ಒಂದೇ, ನನಗೆ ಏನಾಗಿದೆ?" ಎಂದೆ. ಚಪ್ಪಾಳೆ ಬಿತ್ತು.

ಡಾಕ್ಟರಮ್ಮ ಚಪ್ಪಾಳೆ ತಟ್ಟಲಿಲ್ಲ. ಅವರು ನನ್ನ ಕೈಯಲ್ಲಿದ್ದ ಕರಪತ್ರವನ್ನೇ ನೋಡುತ್ತಿದ್ದರು.

"ಇಳಿದು ಬಾ ಮಗಾ. ಎರಡೂ ಕೈ ಮುಂದೆ ಚಾಚು. ಬೆರಳು ಅಗಲಿಸು" ಅಂದರು. ಆ ಕರಪತ್ರವನ್ನೇ ನನ್ನ ಬೆರಳುಗಳ ಮೇಲೆ ಮಟ್ಟಸವಾಗಿ ಇಟ್ಟರು. ಕಿಟಕಿಯಿಂದ ಗಾಳಿ ಇರಲಿಲ್ಲ ಅಕ್ಕ. ಯಂತ್ರವೂ ನಿಂತಿತ್ತು. ಆದರೂ ಕರಪತ್ರ ಅಂಚಿನಿಂದ ಅಂಚಿಗೆ ಎಲೆಯ ಹಾಗೆ ನಡುಗಿತು. ನಿಲ್ಲಿಸಲು ಹಲ್ಲು ಕಚ್ಚಿದೆ, ಇನ್ನೂ ನಡುಗಿತು. ಅವರು ನನ್ನ ಮಣಿಕಟ್ಟು ಹಿಡಿದು ನಾಡಿ ಎಣಿಸಿದರು, ಕತ್ತು ಮುಟ್ಟಿ ನೋಡಿದರು, ನನ್ನ ಕಣ್ಣನ್ನೇ ಸ್ವಲ್ಪ ಹೊತ್ತು ನೋಡಿದರು. ಯಾರಿಗೂ ಕೇಳದ ಹಾಗೆ, "ನಾಳೆ ಬೆಳಿಗ್ಗೆ ಬಂದು ರಕ್ತ ಕೊಡು" ಎಂದರು. ಅವರು ಮೆಲ್ಲಗೆ ಹೇಳಿದರೂ ಇಡೀ ಹಾಲಿಗೆ ಗೊತ್ತಾಗಿತ್ತು.

ನನಗೂ ಇದೆ ಅಕ್ಕ. ನಿನ್ನದಲ್ಲ, ಅದಕ್ಕೆ ತದ್ವಿರುದ್ಧ. ನಿನ್ನ ಗ್ರಂಥಿಯನ್ನು ಕಾವಲುಗಾರ ಹೊಡೆದು ಮಲಗಿಸಿದ. ನನ್ನದನ್ನು ಚಾಟಿ ಹಿಡಿದು ಓಡಿಸುತ್ತಿದ್ದಾನೆ. ಬೇರು ಒಂದೇ, ಕೊಂಬೆ ಎರಡು ಎಂದರು ಡಾಕ್ಟರಮ್ಮ; ಒಂದೇ ಮನೆಯಲ್ಲಿ ಒಬ್ಬರಿಗೆ ಹೀಗೆ, ಒಬ್ಬರಿಗೆ ಹಾಗೆ ಆಗುವುದುಂಟಂತೆ. ತಿಂದದ್ದು ಮೈಗೆ ಹತ್ತದಿದ್ದದ್ದು, ಸೆಕೆ, ಎದೆಯ ತಮಟೆ, ಕೈಯ ನಡುಕ, ಎಲ್ಲವೂ ಅದೇ. ಪ್ರೆಸ್ ಯಂತ್ರದ ಮೇಲೆ ಹೊರಿಸಿದ್ದೆ, ಪಾಪ. ಮಾತ್ರೆ ಕೊಟ್ಟಿದ್ದಾರೆ, ನಿಧಾನವಾಗಿ ಹಿಡಿತಕ್ಕೆ ಬರುತ್ತದಂತೆ. ಭಯಪಡುವಂಥದ್ದೇನಿಲ್ಲ, ಬಿಟ್ಟರೆ ಮಾತ್ರ ಹೃದಯಕ್ಕೆ ಕಷ್ಟ.

ಮೂರನೆಯ ದಿನ ಅಮ್ಮ ಬಟ್ಟೆ ಒಣಹಾಕುತ್ತಿದ್ದವಳು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಾಗೇ ಹಿಡಿದುಕೊಂಡು, "ಹೆತ್ತಮ್ಮ ಚಳಿ ಅಂದ್ರೆ ಚಳಿಯಜ್ಜಿ ಅಂದೆ. ಮಗಳು ಸುಸ್ತು ಅಂದ್ರೆ ಆಮೆ ಅಂದೆ. ನೀನು ಉರೀತಾ ಇದ್ರೆ ಬೆಂಕಿಕಡ್ಡಿ ಅಂದು ನಕ್ಕೆ. ಔಷಧ ಕೊಡಿಸ್ಬೇಕಾದ ಕಡೆ ಹೆಸರಿಟ್ಟೆ ಕಣೇ" ಅಂದಳು. "ಹೆಸರು ಚೆನ್ನಾಗಿಟ್ಟಿದ್ದೀಯಮ್ಮ. ಡಾಕ್ಟರಮ್ಮ ರಕ್ತ ತೆಗೆದು ಕಂಡುಹಿಡಿದಿದ್ದನ್ನ ನೀನು ಬರಿಗಣ್ಣಲ್ಲಿ ಹೇಳಿದ್ದೆ" ಅಂದೆ. ಅವಳಿಗೆ ನಗು ಬಂತು, ಅಳುವಿನ ಮಧ್ಯೆಯೇ ಬಂತು. ನೀನು ಅವಳಿಗೆ ಫೋನ್ ಮಾಡು. ಆಮೆ ಎಂದು ಕರೆಯಲು ಈಗ ಹಿಂಜರಿಯುತ್ತಾಳೆ, ನೀನೇ ಕೇಳಿ ಕರೆಸಿಕೋ.

ನಿನಗೆ ಇದನ್ನು ಹೇಳಬೇಡ ಎಂದವಳೂ ಅವಳೇ. "ಅವಳು ಈಗ ತಾನೆ ಮನಸ್ಸು ಗಟ್ಟಿ ಮಾಡ್ಕೊಂಡಿದ್ದಾಳೆ. ಒಂದು ಮಗು ಆಗ್ಲಿ, ಆಮೇಲೆ ಹೇಳಿದ್ರಾಯ್ತು" ಅಂದಳು. ಸುಮಾರು ದಿನ ನಾನೂ ಹಾಗೇ ಅಂದುಕೊಂಡು ಸುಮ್ಮನಿದ್ದೆ. ಆದರೆ ಆಗಲಿಲ್ಲ. ನೀನು ನಂಬಿದ್ದು ಡಾಕ್ಟರನ್ನಲ್ಲ, ನನ್ನನ್ನು. ಸುಳ್ಳು ಸಾಕ್ಷಿಯ ಮೇಲೆ ನಿನ್ನ ಮಗು ಹುಟ್ಟುವುದು ನನಗೆ ಬೇಡ. ನಾಳೆ ಅದು ಬಸ್ಸು ಉರುಳಿಸಿಕೊಂಡು ಬಂದು ಚಿಕ್ಕಮ್ಮ ಎಂದರೆ ನಾನು ಅದರ ಮುಖ ನೋಡಬೇಕಲ್ಲ.

ಹಾಗೆಂದು ಬಸ್ಸನ್ನು ಮತ್ತೆ ಮೇಲಿಡಬೇಡ. ನಾನು ಡಾಕ್ಟರಮ್ಮನ ಹತ್ತಿರ ಹೋಗಿ, "ನಿಮ್ಮಿಂದ ನನ್ನ ವಾದವೇ ಬಿದ್ದುಹೋಯ್ತು" ಎಂದು ಜಗಳವಾಡಿದೆ. ಅವರು, "ನಿಮ್ಮಮ್ಮನಿಗೆ ಎಷ್ಟು ವಯಸ್ಸು? ಥೈರಾಯಿಡ್ ಇದೆಯಾ?" ಎಂದು ಕೇಳಿದರು. ಅಮ್ಮನ ರಕ್ತವನ್ನೂ ಪರೀಕ್ಷೆ ಮಾಡಿಸಿದೆವು. ಏನೂ ಇಲ್ಲ, ಗಡಿಯಾರದ ಹಾಗಿದ್ದಾಳೆ. "ನಿಮ್ಮಜ್ಜಿಯದು ನಿಮಗೆ ಬಂದಿದ್ರೆ ಬಹುಶಃ ಅವರನ್ನ ದಾಟಿಕೊಂಡೇ ಬಂದಿರೋದು. ಕೆಲವು ಅಕ್ಷರ ನಿಮ್ಮಪ್ಪನದೂ ಇರಬಹುದು. ಯಾವುದು ಯಾರದು ಅಂತ ಖಚಿತವಾಗಿ ಹೇಳೋಕಾಗಲ್ಲ. ಆದ್ರೆ ಅವರು ಅದನ್ನ ಹೊತ್ತುಕೊಂಡೇ ಇಷ್ಟು ವರ್ಷ ಬದುಕಿ, ಇಬ್ಬರನ್ನ ಹೆತ್ತು, ನಿಮ್ಮಿಬ್ಬರನ್ನೂ ಸಹಿಸಿಕೊಂಡಿದ್ದಾರೆ" ಎಂದರು. ಸಾಕ್ಷಿ ಬೇಕಾದರೆ ಅಮ್ಮ ಇದ್ದಾಳೆ ಅಕ್ಕ. ನಾನಲ್ಲ. ನಾನು ಸುಮ್ಮನೆ ಸ್ಟೂಲಿನ ಮೇಲೆ ಹತ್ತಿದವಳು.

ಮತ್ತೆ ನನ್ನದೂ ಒಂದು ಪ್ರಶ್ನೆಯಿದೆ. ನಾವು ಹುಟ್ಟುವ ಮೊದಲು ಯಾರಾದರೂ ಅಮ್ಮನಿಗೆ, ನಿನ್ನ ಇಬ್ಬರು ಹೆಣ್ಣುಮಕ್ಕಳಿಗೂ ಕತ್ತಿನ ಕಾಯಿಲೆ ಬರುತ್ತದೆ, ಒಬ್ಬಳು ನಿಧಾನ, ಒಬ್ಬಳು ಜೋರು ಎಂದು ಹೇಳಿದ್ದರೆ, ಅವಳು ನಮ್ಮನ್ನು ಬೇಡ ಎನ್ನಬೇಕಿತ್ತೇ? ನಿನ್ನ ಜೀವ ಬೇಡವಾಗಿತ್ತು ಎಂದು ನನಗೆ ಒಂದು ದಿನವೂ ಅನಿಸಿಲ್ಲ. ನಿನಗೆ ನನ್ನದು ಆಗಾಗ ಅನಿಸಿರಬಹುದು, ಅದು ಬೇರೆ ಮಾತು. ನಿರ್ಧಾರ ನಿಮ್ಮಿಬ್ಬರದು. ಆದರೆ ನಿಜ ಗೊತ್ತಿದ್ದು ಮಾಡಿ.

ಕಿಟಕಿಯ ಸುದ್ದಿ ಕೇಳಿದೆಯಲ್ಲ. ಮೇಲ್ವಿಚಾರಕನಿಗೆ ನನ್ನ ಕಾಯಿಲೆಯಿಂದ ಹಬ್ಬವಾಯಿತು. "ನೋಡಿ, ಸೆಕೆ ಇದ್ದಿದ್ದು ಹಾಲಿಗಲ್ಲ, ಈಯಮ್ಮನ ಗಂಟಲಿಗೆ. ಮೊಳೆ ತನ್ನಿ" ಎಂದ. ಹೆಂಗಸರು ನಕ್ಕರು, ನಾನೂ ನಕ್ಕೆ, ಆದರೆ ಕಾಲಡಿಯ ಸ್ಟೂಲನ್ನು ಎಳೆದ ಹಾಗಾಯಿತು. ಆಗ ಗಂಜಿಯಮ್ಮ ಎದ್ದು ನಿಂತಳು. "ಚಳಿಗಾಲದಲ್ಲಿ ನಡುಗಿದ್ದು ನಿಜ. ಇವಳಿಗೆ ಹುಚ್ಚು ಅಂತ ನಾನೂ ಬೈದಿದ್ದೀನಿ. ಆದ್ರೆ ಆವಿ ಕುಡಿದು ಕೆಮ್ಮೋದು ನಿಂತಿದೆ. ಅರ್ಧ ಮುಚ್ಚು, ಅರ್ಧ ಬಿಡು. ಮೊಳೆ ಮುಟ್ಟಿದ್ರೆ ನೋಡು" ಅಂದಳು. ಈಗ ಕಿಟಕಿಗಳು ಅರ್ಧ ತೆರೆದಿವೆ.

ನಿನಗೆ ಚಿಕ್ಕವಳಾದ ನಾನು ಹರಸಬಾರದು ಎನ್ನುತ್ತಾರೆ. ನಾನು ಅದನ್ನು ಒಪ್ಪಿದವಳಲ್ಲ. ನಿನ್ನ ಮಾತ್ರೆ ನಿನ್ನ ಮೈಗೆ ಹಿಡಿಯಲಿ, ಭಾವ ಯಾವಾಗಲೂ ನಿನಗಿಂತ ಒಂದು ಹೆಜ್ಜೆ ಹಿಂದೆಯೇ ಬೀಳಲಿ, ಬಸ್ಸು ನೆಲದ ಮೇಲೆ ಓಡಲಿ, ಯಾರ ಕೈಯಲ್ಲಾದರೂ ಸರಿ. ಭಾವನ ಕೈಯಲ್ಲೇ ಆದರೂ ಸರಿ.

ನಿನ್ನ ತಂಗಿ

ಕೊನೆಗೆ ಇದೊಂದು: ಅಡ್ಡಹೆಸರು ಬರೆಯದೆ ಬಿಟ್ಟದ್ದನ್ನು ನೀನು ಗಮನಿಸಿರುತ್ತೀ. ಮಾತ್ರೆಯ ಪೊಟ್ಟಣ ಇನ್ನೂ ಕಪಾಟಿನಲ್ಲಿ ಹಾಗೇ ಇದೆ ಅಕ್ಕ, ಒಂದನ್ನೂ ನುಂಗಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಬೈಯಬೇಡ. ಅಮ್ಮನಿಗೆ ಗೊತ್ತಿಲ್ಲ. ಮಾತ್ರೆ ನುಂಗಿದರೆ ಎದೆ ಶಾಂತವಾಗುತ್ತದೆ, ಸಿಟ್ಟು ಇಳಿಯುತ್ತದೆ, ನಿದ್ದೆ ಬರುತ್ತದೆ ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ನನಗೆ ಅದೇ ಭಯ. ಅನ್ಯಾಯ ಕಂಡರೆ ಹೊತ್ತಿಕೊಳ್ಳುತ್ತಿದ್ದದ್ದು ನಾನೋ, ಆ ಗ್ರಂಥಿಯೋ? ನನ್ನಲ್ಲಿ ಇದ್ದದ್ದು ಅದೊಂದೇ ಆಸ್ತಿ. ಅದೂ ಕಾಯಿಲೆಯೇ ಆಗಿದ್ದರೆ, ಗುಣವಾದ ಮೇಲೆ ಉಳಿಯುವವಳು ಯಾರು? ಇದನ್ನು ಯಾವ ಕರಪತ್ರದಲ್ಲೂ ಬರೆದಿಲ್ಲ, ಡಾಕ್ಟರಮ್ಮನನ್ನು ಕೇಳಲು ನಾಚಿಕೆ. ನಿನ್ನನ್ನು ಕೇಳುತ್ತೇನೆ, ನೀನು ನನಗಿಂತ ಮೊದಲು ಆ ದಾರಿಯಲ್ಲಿ ಹೋದವಳು. ಈಗ ಬೇಗ ಬೇಗ ನಡೆಯುತ್ತೀಯಂತೆ. ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದು ಹಾಕುವ ಮೊದಲು ಕಿಟಕಿಯಾಚೆ ನೋಡುತ್ತ ನಿಲ್ಲುವುದು ಈಗಲೂ ಇದೆಯೇ? ನಿಜ ಬರೆ. ಇದೆ ಎಂದು ನೀನು ಬರೆದ ದಿನ ನಾನು ಮೊದಲ ಮಾತ್ರೆ ನುಂಗುತ್ತೇನೆ.